ಎಂಟೂ ನಲವತ್ನಾಲ್ಕರ ಮುಂದಿನ ಸೆಕೆಂಡು

ನಾಗಣಸೂರಿನ ಹೊಲದಲ್ಲಿದ್ದೀರಿ. ಜನವರಿಯ ಬೆಳಗು. ಮಾಲದಂಡಿ ಜೋಳದ ತೆನೆ ಹಾಲುಗಟ್ಟಿದೆ, ಕುಳ್ಳಿನ ಕೆಂಡದಲ್ಲಿ ಸೀತನಿ ಸುಡುತ್ತಿದ್ದಾರೆ. ಹಳೆಯ ಆಂಡ್ರಾಯ್ಡ್ ಫೋನು ತೆಗೆದು ಒಂದು ಫೋಟೊ ಹೊಡೆಯುತ್ತೀರಿ. ಅಷ್ಟರಲ್ಲೇ ಒಳಗಿನ ಲಿನಕ್ಸ್ ಕರ್ನೆಲ್ ಆ ಫೈಲಿಗೆ ಮೂರು ಸಮಯ ಬರೆದಿಟ್ಟಿದೆ: ಕೊನೆಗೆ ಓದಿದ್ದು, ಕೊನೆಗೆ ಬರೆದದ್ದು, ಅದರ ವಿವರ ಬದಲಾದದ್ದು. ಮೂರೂ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು.

ಫೋನು 32 ಬಿಟ್‌ನದಾದರೆ ಎಣಿಕೆ 214 ಕೋಟಿ 74 ಲಕ್ಷ 83 ಸಾವಿರದ 647ಕ್ಕೆ ಮುಗಿಯುತ್ತದೆ. 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮುಂದಿನ ಸೆಕೆಂಡಿಗೆ ತಾರೀಖು 1901ರ ಡಿಸೆಂಬರಿಗೆ ಬೀಳುತ್ತದೆ.

ಇದನ್ನು ಸರಿಪಡಿಸಿದವರ ಕೆಲಸ ಕರ್ನೆಲ್‌ನ ಗಿಟ್ ಇತಿಹಾಸದಲ್ಲಿ ಯಾರು ಬೇಕಾದರೂ ಓದುವಂತೆ ಇದೆ. ಸಂಜೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ 2018ರ ಜೂನ್‌ಗೆ ಹೋಗಿ. 3ನೇ ತಾರೀಖಿಗೆ 4.17 ಆವೃತ್ತಿ ಹೊರಬಿದ್ದಿದೆ, ಮರ್ಜ್ ವಿಂಡೊ ತೆರೆದಿದೆ. ಹೊಸ ಕೋಡ್ ಒಳಗೆ ಬರುವುದು ಈ ಎರಡು ವಾರಗಳಲ್ಲೇ.

ಬದಲಿಸಬೇಕಾದದ್ದು ಒಂದೇ ಹೆಸರು. ಸಮಯ ಹಿಡಿದಿಡುವ ‘ಟೈಮ್‌ಸ್ಪೆಕ್’ ಇದ್ದಲ್ಲಿ ‘ಟೈಮ್‌ಸ್ಪೆಕ್64’ ಬರಬೇಕು. ಆದರೆ ಅದು ಕೂತಿರುವುದು ಪ್ರತಿ ಫೈಲಿನ ವಿವರ ಇಡುವ, ಎಲ್ಲ ಫೈಲ್ ಸಿಸ್ಟಂಗಳೂ ಹಂಚಿಕೊಂಡ ಐನೋಡ್‌ನಲ್ಲಿ. ಅಲ್ಲಿ ಕೈಯಿಟ್ಟ ಕ್ಷಣವೇ ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಎನ್‌ಎಫ್‌ಎಸ್, ಸೆಫ್ ಎಲ್ಲವನ್ನೂ ಮುಟ್ಟಬೇಕು. ಒಂದೊಂದನ್ನೂ ನೋಡಿಕೊಳ್ಳುವ ಮೇಂಟೇನರ್ ಬೇರೆ. ಒಬ್ಬರಾದ ಮೇಲೆ ಒಬ್ಬರು ಬದಲಿಸೋಣವೆಂದರೆ ನಡುವೆ ಕರ್ನೆಲ್ ಕಂಪೈಲ್ ಆಗುವುದಿಲ್ಲ. ಎಲ್ಲವನ್ನೂ ಒಬ್ಬರೇ ಬದಲಿಸಿ ಇಟ್ಟುಕೊಂಡರೆ, ಅಷ್ಟರಲ್ಲಿ ಉಳಿದವರು ಅದೇ ಸಾಲುಗಳನ್ನು ತಿದ್ದಿರುತ್ತಾರೆ.

ದೀಪಾ ದಿನಮಣಿ ಅವರ ಪ್ಯಾಚ್‌ಗಳನ್ನು ಒಂದೊಂದಾಗಿ ಕೆಳಗಿಳಿಸುತ್ತ ಓದಿ. ಔಟ್‌ರೀಚಿ ಇಂಟರ್ನ್‌ಶಿಪ್ಪಿನಿಂದ ಈ ಕೆಲಸಕ್ಕೆ ಬಂದವರು ಅವರು. ಮೊದಲ ಪ್ಯಾಚ್‌ಗಳಲ್ಲಿ ಏನೂ ಬದಲಾದಂತೆ ಕಾಣುವುದೇ ಇಲ್ಲ. ಸಹಾಯಕ ಫಂಕ್ಷನ್‌ಗಳು ಬರುತ್ತವೆ. ಸಮಯವನ್ನು ಪ್ರಿಂಟ್ ಮಾಡುವ ಸಾಲುಗಳು ಹಳೆಯ ಅಳತೆಗೂ ಹೊಸ ಅಳತೆಗೂ ಒಗ್ಗುವಂತಾಗುತ್ತವೆ. ಗೋಜಲಾಗಿದ್ದ ಕೋಡ್ ನೇರವಾಗುತ್ತದೆ. ಈ ಸಾರಿಸಿ ಗುಡಿಸುವ ಕೆಲಸವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಕೊನೆಯ ದೊಡ್ಡ ಪ್ಯಾಚಿಗೆ ಯೋಚಿಸಬೇಕಾದದ್ದು ಏನನ್ನೂ ಅದು ಉಳಿಸಲಿಲ್ಲ.

ಆ ಪ್ಯಾಚ್ ತೆರೆಯಿರಿ. ಹತ್ತಾರು ಫೈಲ್ ಸಿಸ್ಟಂಗಳು ಒಮ್ಮೆಲೇ ಬದಲಾಗಿವೆ. ಮೇಲಿನ ವಿವರಣೆಯಲ್ಲಿ ಕೋಡ್ ತಿದ್ದುವ ಸಾಧನವಾದ ಕಾಕ್ಸಿನೆಲ್‌ನ ಸ್ಕ್ರಿಪ್ಟನ್ನೇ ಪೂರ್ತಿ ಬರೆದಿಟ್ಟಿದ್ದಾರೆ: ಇಂಥ ಸಾಲು ಕಂಡರೆ ಹೀಗೆ ಬದಲಿಸು. ಬುಡದ ಕೋಡ್ ಸರಿದಿದ್ದರೆ ಸ್ಕ್ರಿಪ್ಟ್ ಮತ್ತೊಮ್ಮೆ ಓಡಿಸಿದರಾಯಿತು. ನಂಬಿಕೆ ಬಾರದ ಮೇಂಟೇನರ್ ಸಾವಿರ ಸಾಲು ಪರೀಕ್ಷಿಸುವ ಬದಲು ನಿಯಮ ಓದಿ ಒಪ್ಪಬಹುದು.

ಯಾವಾಗ ಸೇರಿಸುವುದು? ಮುಂದಿನ ಆವೃತ್ತಿಗೆ ತಳ್ಳಿದರೆ ಬೆನ್ನಟ್ಟುವುದು ಎಂದೂ ಮುಗಿಯುವುದಿಲ್ಲ, ವಿಂಡೊ ಮುಚ್ಚುವ ಮುನ್ನ ಒಂದೇ ಸಲಕ್ಕೆ ಮುಗಿಸೋಣ ಎಂದರು ಕರ್ನೆಲ್ ಡೆವಲಪರ್ ಥಾಮಸ್ ಗ್ಲೈಕ್ಸ್‌ನರ್. ಎಲ್ಲರ ಕೋಡ್ ಬಂದು ಸೇರಿದ ಮೇಲೆ ಜಗಳಕ್ಕೆ ಜಾಗ ಕಡಿಮೆ. ಇನ್ನೊಬ್ಬ ಡೆವಲಪರ್ ಆರ್ಂಡ್ ಬರ್ಗ್‌ಮನ್ ಆ ಪ್ಯಾಚ್‌ಗಳನ್ನು ಕೊನೆಯ ದಿನಗಳಲ್ಲಿ ಕಳಿಸಿದರು, ಲಿನಸ್ ಟೊರ್ವಾಲ್ಡ್ಸ್ ಸೇರಿಸಿಕೊಂಡರು. ಆಗಸ್ಟ್‌ನಲ್ಲಿ 4.18 ಹೊರಬಂತು.

ಆದರೂ ಫೈಲ್ ಸಿಸ್ಟಂಗಳ ಗಡಿಗಳಲ್ಲಿ ಹೊಸ ಸಮಯವನ್ನು ಹಳೆಯದಕ್ಕೆ ಪರಿವರ್ತಿಸುವ ಸಾಲುಗಳು ಉಳಿದಿದ್ದವು. ಅವನ್ನು ಆಯಾ ಫೈಲ್ ಸಿಸ್ಟಂನವರೇ ನಿಧಾನವಾಗಿ ಕಿತ್ತರು. ಡಿಸ್ಕಿನ ಮೇಲೆ ಸಮಯ ಬರೆಯುವ ರೀತಿಯಂತೂ ಪ್ರತಿಯೊಬ್ಬರದೂ ಬೇರೆ, ಅದಕ್ಕೆ ಯಾವ ಸ್ಕ್ರಿಪ್ಟೂ ಸಾಲದು. ಎಕ್ಸ್‌ಎಫ್‌ಎಸ್ ತನ್ನ ಎಣಿಕೆಯನ್ನು 2486ರವರೆಗೆ ಹಿಗ್ಗಿಸಿಕೊಂಡದ್ದು 2020ರ ಡಿಸೆಂಬರಿನಲ್ಲಿ, 5.10 ಆವೃತ್ತಿಯೊಂದಿಗೆ.