ಗುಡ್ಡಕ್ಕೆ ಹೊತ್ತ ಬ್ಯಾಟರಿ



ಈ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ, ಪರೀಕ್ಷೆಯ ಫಲಿತಾಂಶಗಳನ್ನೋ ಹೊಸ ಕಟ್ಟಡವನ್ನೋ ಕುರಿತು ಬರೆಯುವೆನೆಂದು ಅವರು ನೆನಸಿದ್ದಿರಬೇಕು. ಅವೆರಡೂ ವಾರ್ಷಿಕ ವರದಿಯಲ್ಲಿ ಬಂದಿರುವದರಿಂದ ನಾನು ಒಂದು ಬ್ಯಾಟರಿಯನ್ನು ಕುರಿತು ಬರೆಯುತ್ತೇನೆ. 2022ನೇ ಇಸವಿಯ ನವಂಬರ ತಿಂಗಳಲ್ಲಿ ಒಂದು ಸಂಜೆ ಶಾಲೆಯ ಜಗಲಿಯ ಮೇಲೆ ಕಾದು ನಿಂತಿದ್ದ ತಾಯಂದಿರಿಗೆ ನಾನು ಸರಿಯಾದ ಉತ್ತರವನ್ನು ಕೊಟ್ಟಿರಲಿಲ್ಲ. ಆ ಸಾಲವನ್ನು ಇಲ್ಲಿ ತೀರಿಸಬೇಕಾಗಿದೆ.

ನಮ್ಮ ಶಾಲೆಯಲ್ಲಿ ಹವ್ಯಾಸಿ ರೇಡಿಯೋ ಸಂಘವು ಹೇಗೆ ಹುಟ್ಟಿತೆಂದು ಅನೇಕರು ಕೇಳುವದುಂಟು. 2004ನೇ ಇಸವಿ ದಶಂಬರ 26ರಂದು ಸುನಾಮಿಯು ಅಂಡಮಾನ್ ದ್ವೀಪಗಳನ್ನು ಬಡಿದಾಗ, ಹವ್ಯಾಸಕ್ಕಾಗಿಯೇ ಅಲ್ಲಿಗೆ ಹೋಗಿದ್ದ ಶ್ರೀಮತಿ ಭಾರತಿ ಪ್ರಸಾದರೂ ಅವರ ಸಂಗಡಿಗರೂ, ಆಗ ಪೋರ್ಟ್ ಬ್ಲೇರ್ ಎಂಬ ಹೆಸರಿದ್ದ ಪಟ್ಟಣದಿಂದ ತಮ್ಮ ರೇಡಿಯೋಗಳ ಮೂಲಕ ಕ್ಷೇಮಸಮಾಚಾರಗಳನ್ನು ಮುಟ್ಟಿಸಿದರು. ನಾನಾಗ ಶಿಕ್ಷಕಿಯ ತರಬೇತಿಯಲ್ಲಿದ್ದೆನು. ಪತ್ರಿಕೆಯಲ್ಲಿ ಓದಿದ ಆ ಸಂಗತಿಯು ಮನಸ್ಸಿನಲ್ಲಿ ನಿಂತಿತು. ಬಹಳ ವರ್ಷಗಳ ತರುವಾಯ ನಾನೂ ನಮ್ಮ ವಿಜ್ಞಾನದ ಅಧ್ಯಾಪಿಕೆಯೂ ಪರೀಕ್ಷೆಗೆ ಕೂತು ಪರವಾನಗಿಯನ್ನು ಪಡಕೊಂಡೆವು. ಮಲ್ಪೆಯ ಕಡೆಯಿಂದ ಬರುತ್ತಿದ್ದ ಹತ್ತನೆಯ ತರಗತಿಯ ಒಬ್ಬ ಹುಡುಗಿಯೂ ತೇರ್ಗಡೆಯಾದಳು. ಅವಳ ತಂದೆ ಆಳಸಮುದ್ರದ ಬೋಟಿನವರು. ದೂರದಿಂದ ಸುದ್ದಿ ಬಾರದಿದ್ದರೆ ಮನೆಯಲ್ಲಿ ಹೇಗಿರುತ್ತದೆಂಬದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಆ ವರ್ಷ ಹದಿನೆಂಟು ಮಂದಿ ಹುಡುಗಿಯರನ್ನು ಕೊಡಚಾದ್ರಿಗೆ ಕರಕೊಂಡು ಹೋಗುವದೆಂದು ನಿಶ್ಚಯವಾಯಿತು. ಮೇಲಿಂದ ಹನ್ನೆರಡು ಗಂಟೆಗೆ ಮೊದಲ್ಗೊಂಡು ನಾಲ್ಕರ ವರೆಗೆ ಪ್ರತಿ ಗಂಟೆಗೂ ಶಾಲೆಗೆ ರೇಡಿಯೋದಲ್ಲಿ ಕ್ಷೇಮವನ್ನು ತಿಳಿಸುವೆವೆಂದು ನಾನೇ ಹೆತ್ತವರಿಗೆ ಮಾತು ಕೊಟ್ಟೆನು. ನಮ್ಮ ಯಂತ್ರವು ಐದು ವಾಟಿನದು, ಚಿಕ್ಕದು. ಬ್ಯಾಟರಿ ಮಾತ್ರ ಇರಲಿಲ್ಲ. ಕೊಂಡುಕೊಳ್ಳುವದಕ್ಕೆ ಹಣವಿರಲಿಲ್ಲವೆಂದು ಹೇಳಿದರೆ ಅದು ಪೂರ್ಣ ಸತ್ಯವಾಗದು. ಖರ್ಚು ಮಾಡುವ ಮನಸ್ಸಿರಲಿಲ್ಲ. ಆಫೀಸಿನ ಕಂಪ್ಯೂಟರಿನ ಯುಪಿಎಸ್‌ನೊಳಗೆ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯೊಂದಿತ್ತು. ಅದನ್ನೇ ಬಿಚ್ಚಿಸಿ, ಮೀಟರಿನಿಂದ ಅಳೆದು ನೋಡಿದೆನು. 12.7 ವೋಲ್ಟ್ ತೋರಿಸಿತು.

“ಟೀಚರ್, ಒಂದು ಬಲ್ಬು ಕಟ್ಟಿ ಎಷ್ಟು ಹೊತ್ತು ಉರಿಯುತ್ತದೆಂದು ನೋಡೋಣವೇ?” ಎಂದು ಆ ಹುಡುಗಿ ಕೇಳಿದಳು. “ಮೀಟರು ತುಂಬಿದೆಯೆಂದು ಹೇಳುತ್ತದಲ್ಲವೇ, ಸುಮ್ಮನೆ ಯಾಕೆ ಖಾಲಿ ಮಾಡುವದು?” ಎಂದು ನಾನು ಉತ್ತರ ಕೊಟ್ಟೆನು.

ಎರಡು ಕಿಲೋವಿಗೂ ಮಿಕ್ಕ ಆ ಭಾರವನ್ನು ಹುಡುಗಿಯರು ಸರದಿಯಿಂದ ಹೊತ್ತರು. ಜಿಗಣೆಗಳು ಧಾರಾಳವಾಗಿದ್ದವು. ಹನ್ನೊಂದು ಗಂಟೆಗೆ ಮೇಲೆ ತಲಪಿ, ಎರಡು ಮರಗಳ ನಡುವೆ ತಂತಿಯನ್ನು ಕಟ್ಟಿ, 7 ಮೆಗಾಹರ್ಟ್ಸಿನಲ್ಲಿ ಕರೆದೆವು. ಶಾಲೆಯ ಸ್ವರವು ಸ್ಪಷ್ಟವಾಗಿ ಕೇಳಿತು. ಹನ್ನೆರಡು ಗಂಟೆಯ ಸುದ್ದಿಯೂ ಒಂದು ಗಂಟೆಯದೂ ಹೋದವು. ನಡುವೆ ಹುಡುಗಿಯರು ದೂರದೂರದವರೊಂದಿಗೆ ಸಂತೋಷದಿಂದ ಮಾತಾಡಿದರು. ಎರಡು ಗಂಟೆಗೆ ಗುಂಡಿಯನ್ನು ಒತ್ತಿದೊಡನೆ ವೋಲ್ಟೇಜು ಕುಸಿದು ಯಂತ್ರವು ಆರಿಹೋಯಿತು. ಬಿಟ್ಟರೆ ತಿರಿಗಿ ಹೊತ್ತುತ್ತಿತ್ತು, ಒತ್ತಿದರೆ ಆರುತ್ತಿತ್ತು. ಶಾಲೆಯವರು ನಮ್ಮನ್ನು ಕರೆಯುವದು ಕೇಳುತ್ತಲೇ ಇತ್ತು, ಉತ್ತರ ಕೊಡಲಾಗಲಿಲ್ಲ. ಹುಡುಗಿಯು ಶಕ್ತಿಯನ್ನು ಒಂದು ವಾಟಿಗೆ ಇಳಿಸಿ ಪ್ರಯತ್ನಿಸಿದಳು. “ಇಲ್ಲಿ ನಾವೆಲ್ಲರೂ” ಎಂಬ ಎರಡು ಮಾತುಗಳು ಮಾತ್ರ ಹೋದವಂತೆ.

ಆ ಎರಡು ಮಾತುಗಳು ಏನೂ ಹೋಗದೆ ಇರುವದಕ್ಕಿಂತ ಕೆಟ್ಟದ್ದನ್ನು ಮಾಡಿದವು. ನಮ್ಮ ಮೊಬೈಲುಗಳಿಗೆ ಸಿಗ್ನಲ್ ದೊರೆತದ್ದು ಕೆಳಗೆ ಇಳಿದ ಮೇಲೆ, ಆರು ಗಂಟೆಗೆ. ಅಷ್ಟರೊಳಗೆ ಹದಿಮೂರು ಮಂದಿ ತಾಯಂದಿರು ಶಾಲೆಗೆ ಬಂದಿದ್ದರು. ರಾತ್ರಿ ಬಸ್ಸಿನಿಂದ ಇಳಿದಾಗ “ಬ್ಯಾಟರಿ ಕೈಕೊಟ್ಟಿತು” ಎಂದು ಹೇಳಿದೆನು. ಬ್ಯಾಟರಿಯ ತಪ್ಪೇನಿತ್ತು?

ಮರುದಿನ ಆ ಹುಡುಗಿಯೇ ಅದನ್ನು ಪೂರ್ಣವಾಗಿ ಚಾರ್ಜು ಮಾಡಿ, ಬೈಕಿನ 21 ವಾಟಿನ ಇಂಡಿಕೇಟರ್ ಬಲ್ಬನ್ನು ಕಟ್ಟಿ, ಗಡಿಯಾರವನ್ನು ಹಿಡಿದು ಕೂತಳು. ಒಂದು ಗಂಟೆ ಹತ್ತು ನಿಮಿಷಕ್ಕೆ ಬಲ್ಬು ಮಂಕಾಯಿತು. ಅಂದರೆ ಏಳರಲ್ಲಿ ಉಳಿದಿದ್ದದ್ದು ಎರಡು ಆಂಪಿಯರ್-ಗಂಟೆ ಮಾತ್ರ. ಯುಪಿಎಸ್‌ನ ಬಿಸಿ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಬೆಂದದ್ದು ಇನ್ನೇನಾದೀತು? ಭಾರವಿಲ್ಲದೆ ಅಳೆದ ವೋಲ್ಟೇಜು ಬ್ಯಾಟರಿಯೊಳಗೆ ಎಷ್ಟಿದೆಯೆಂಬದನ್ನು ಹೇಳುವದೇ ಇಲ್ಲ.

ಬಳಿಕ ಅವಳು ಕರಿಹಲಗೆಯ ಮೇಲೆ ಲೆಕ್ಕ ಮಾಡಿದಳು. ನಮ್ಮ ಯಂತ್ರವು ಕೇಳುವಾಗ ಸುಮಾರು 0.4, ಮಾತಾಡುವಾಗ ಸುಮಾರು 2 ಆಂಪಿಯರನ್ನು ಎಳೆಯುತ್ತದೆ. ಕಾಲದ ಕಾಲಂಶ ಮಾತಾಡಿದರೆ ಸರಾಸರಿ 0.8. ಐದು ಗಂಟೆಗೆ 4 ಆಂಪಿಯರ್-ಗಂಟೆ ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕಡಿಮೆಯಾಗುವದರಿಂದ, ಹೊಸದಾಗಿದ್ದರೂ ಏಳರಲ್ಲಿ ಮೂರೂವರೆಯನ್ನೇ ನಂಬಬೇಕು. ನಾನು ಹೊಸದನ್ನು ತಂದಿದ್ದರೂ ನಾಲ್ಕು ಗಂಟೆಯ ಸುದ್ದಿಗೆ ಅದು ಸಂದೇಹವೇ.

ಮೊಬೈಲುಗಳಲ್ಲಿರುವಂಥ ಲಿಥಿಯಮ್ ಕೋಶಗಳನ್ನು ಜೋಡಿಸಬಹುದೆಂದು ಒಬ್ಬ ತಂದೆಯವರು ಸೂಚಿಸಿದರು. ಮೂರನ್ನು ಜೋಡಿಸಿದರೆ ತುಂಬಿದಾಗ 12.6 ವೋಲ್ಟ್ ಇದ್ದು ಬೇಗನೆ ಇಳಿಯುತ್ತದೆ, ನಾಲ್ಕಾದರೆ 16.8 ಆಗಿ, 13.8ಕ್ಕೆಂದು ಮಾಡಿದ ಅನೇಕ ಯಂತ್ರಗಳು ತಾಳಲಾರವು. ಲಿಥಿಯಮ್ ಐರನ್ ಫಾಸ್ಫೇಟಿನ ನಾಲ್ಕು ಕೋಶಗಳಾದರೋ 12.8 ವೋಲ್ಟಾಗಿ ಸರಿಹೊಂದುತ್ತವೆ. ಬೆಲೆ ಹೆಚ್ಚು, ಆದರೆ 6 ಆಂಪಿಯರ್-ಗಂಟೆಯದು ಒಂದು ಕಿಲೋವಿಗಿಂತಲೂ ಹಗುರ, ಐದನೆಯ ಒಂದಂಶವನ್ನು ಮೀಸಲಿಟ್ಟರೂ ಆರು ಗಂಟೆ ನಡೆಯುತ್ತದೆ. ಅದರ ವೋಲ್ಟೇಜು ಕಡೇ ತನಕ ಹೆಚ್ಚುಕಡಿಮೆ ಒಂದೇ ಸಮನಾಗಿದ್ದು ಫಕ್ಕನೆ ಬೀಳುವದರಿಂದ, ಅಲ್ಲಿಯೂ ಮೀಟರನ್ನು ನಂಬಿ ಕೂತುಕೊಳ್ಳುವ ಹಾಗಿಲ್ಲ. ಖರ್ಚಾದದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸು ಇರತಕ್ಕದ್ದು. ಸಣ್ಣದಾದರೂ ಅದರ ತುದಿಗಳು ಒಂದಕ್ಕೊಂದು ತಗಲಿದರೆ ತಂತಿಯು ಕೆಂಪಗೆ ಕಾಯುವಷ್ಟು ಶಕ್ತಿ ಅದರಲ್ಲಿದೆ. ಸೋಲಾರ್ ಹಲಗೆಯನ್ನೂ ಒಮ್ಮೆ ಕಟ್ಟಿ ನೋಡಿದೆವು. ಅದರ ಅಗ್ಗದ ಕಂಟ್ರೋಲರಿನ ಗದ್ದಲದಲ್ಲಿ ಬೇರೇನೂ ಕೇಳಿಸದ್ದರಿಂದ ಕೈಬಿಟ್ಟೆವು.

ಹೊಸ ಬ್ಯಾಟರಿಗೆ ಹಣವನ್ನು ನಾನು ಸಂಘದಿಂದ ಕೇಳಲಿಲ್ಲ. ಮೊದಲಿನ ಉಳಿತಾಯವು ನನ್ನದಾಗಿತ್ತಲ್ಲವೇ?

2023ರ ನವಂಬರದಲ್ಲಿ ತಿರಿಗಿ ಹತ್ತಿದೆವು. ಹೊರಡುವ ಮುಂಚೆ ಬಲ್ಬು ಕಟ್ಟಿ ಮೂರು ಗಂಟೆಗಿಂತ ಹೆಚ್ಚು ಉರಿಸಿ ನೋಡಿ, ಪುನಃ ತುಂಬಿಸಿದ್ದೆವು. ಆ ಹುಡುಗಿ ಅಷ್ಟರಲ್ಲಿ ಕಾಲೇಜಿಗೆ ಸೇರಿದ್ದರೂ ರಜೆ ಪಡಕೊಂಡು ಜೊತೆಗೆ ಬಂದಳು. ನಾಲ್ಕು ಗಂಟೆಗೆ “ಹದಿನೆಂಟು ಮಂದಿಯೂ ಕ್ಷೇಮ, ಈಗ ಇಳಿಯುತ್ತೇವೆ” ಎಂದು ಅವಳೇ ಹೇಳಿದಳು, ಪುಸ್ತಕದಲ್ಲಿ 3.7 ಆಂಪಿಯರ್-ಗಂಟೆ ಎಂದು ಬರೆದಳು. ಶಾಲೆಯಿಂದ ಸುದ್ದಿಯು ಮನೆಮನೆಗೆ ಹೋಯಿತು. ಆದರೂ ರಾತ್ರಿ ಬಸ್ಸು ಬರುವಾಗ ಒಬ್ಬ ತಾಯಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. “ಸುದ್ದಿ ಸಿಕ್ಕಲಿಲ್ಲವೇ ಅಮ್ಮ?” ಎಂದು ಕೇಳಿದೆನು. “ಸಿಕ್ಕಿತು ಟೀಚರ್, ಐದೂ ಸಿಕ್ಕಿದವು” ಎಂದು ಹೇಳಿ, ಮಗಳ ಚೀಲವನ್ನು ಇಸಕೊಂಡರು.