ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು: ಗಾಡಿ ರಿಪೇರಿಗೆ ಮುಂಚೆ ಮಾತು ರಿಪೇರಿ

ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ರಸ್ತೆಗೆ ಪೂರ್ತಿ ಹೆಸರು ಜಯಚಾಮರಾಜೇಂದ್ರ ರಸ್ತೆ. ಮೈಸೂರಿನ ಕೊನೆಯ ಮಹಾರಾಜರ ಹೆಸರು. ಆದರೆ ಆಟೋ ಹತ್ತಿ ಪೂರ್ತಿ ಹೆಸರು ಹೇಳಿದರೆ ಡ್ರೈವರ್ ಒಂದು ಕ್ಷಣ ಯೋಚಿಸ್ತಾರೆ. ‘ಜೆ.ಸಿ. ರೋಡ್’ ಅಂದರೆ ಸಾಕು, ಮುಂದಿನ ಪ್ರಶ್ನೆ ‘ಸ್ಪೇರ್‌ಗಾ ಸಾರ್?’ ಅಂತಲೇ ಬರುತ್ತೆ.

ರಸ್ತೆಯ ಒಂದು ತುದಿಯಲ್ಲಿ ನಾಟಕದವರ ರವೀಂದ್ರ ಕಲಾಕ್ಷೇತ್ರ. ಅದನ್ನು ದಾಟಿ ಮುಂದೆ ನಡೆದರೆ ಬೇರೆಯದೇ ಲೋಕ. ಬಾಗಿಲಿಗೆ ನೇತುಹಾಕಿದ ಸೀಟ್ ಕವರ್, ಹಾರದಂತೆ ಪೋಣಿಸಿದ ಫ್ಯಾನ್ ಬೆಲ್ಟ್, ಗಾಜಿನ ಹಿಂದೆ ಸಾಲಾಗಿ ಕೂತ ಹೆಡ್‌ಲೈಟ್. ಫುಟ್‌ಪಾತ್ ಮೇಲೇ ಒಬ್ಬರು ಕಾರಿನ ಗ್ಲಾಸಿಗೆ ಫಿಲ್ಮ್ ಅಂಟಿಸ್ತಿರ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಹಾರ್ನ್ ಟೆಸ್ಟ್ ಮಾಡ್ತಿರ್ತಾರೆ. ಕನ್ನಡ, ತಮಿಳು, ಉರ್ದು, ತೆಲುಗು, ಹಿಂದಿ ಎಲ್ಲ ಒಂದೇ ಕೌಂಟರ್ ಮೇಲೆ ಓಡಾಡುತ್ತವೆ. ಆದರೂ ಎಲ್ಲರಿಗೂ ಅರ್ಥವಾಗುವ ಭಾಷೆ ಒಂದೇ: ಗಾಡಿ ಯಾವುದು, ಯಾವ ವರ್ಷದ್ದು, ಪೆಟ್ರೋಲಾ ಡೀಸೆಲಾ.

ಈ ಊರಿಗೂ ಬಿಡಿಭಾಗಕ್ಕೂ ಹಳೇ ನಂಟು. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯ ಫ್ಯಾಕ್ಟರಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡುತ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಆದರೆ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಅದಿನ್ನೂ ಮೈಕೋನೇ. ಗ್ಯಾರೇಜಿನಲ್ಲಿ ಒಂದು ಹೆಸರು ಒಮ್ಮೆ ನಂಬಿಕೆ ಗಳಿಸಿತೆಂದರೆ ಬೋರ್ಡ್ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ.

‘ಒರಿಜಿನಲ್ಲಾ, ಲೋಕಲ್ಲಾ?’

ಇಲ್ಲಿ ಯಾವ ಅಂಗಡಿಗೆ ಹೋದರೂ ಕೇಳುವ ಪ್ರಶ್ನೆ ಇದು. ಎರಡೇ ಆಯ್ಕೆ ಅಂತ ನಾವು ಅಂದುಕೊಳ್ತೀವಿ. ನಿಜವಾಗಿ ನಾಲ್ಕಿವೆ.

ಮೊದಲನೆಯದು ಕಾರು ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರೋದು. ಎರಡನೆಯದು, ಕಾರು ಕಂಪನಿಗೆ ಪಾರ್ಟ್ ಪೂರೈಸುವ ತಯಾರಕರೇ ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರೋದು. ಎಷ್ಟೋ ಸಲ ಎರಡೂ ಒಂದೇ ಕಡೆ ತಯಾರಾದವು, ಎರಡನೆಯದಕ್ಕೆ ಬೆಲೆ ಕಡಿಮೆ. ಮೂರನೆಯದು ಲೋಕಲ್: ಬೇರೆ ತಯಾರಕರು ತಮ್ಮದೇ ಹೆಸರಲ್ಲಿ ಮಾಡಿದ್ದು. ಇದು ಮೋಸವಲ್ಲ, ಗುಣಮಟ್ಟ ಮಾತ್ರ ಹೆಚ್ಚು ಕಡಿಮೆ. ನಾಲ್ಕನೆಯದು ಡೂಪ್ಲಿಕೇಟ್, ಅಂದರೆ ಬೇರೆಯವರ ಹೆಸರನ್ನೇ ಕದ್ದು ಅಂಟಿಸಿದ್ದು. ಇದು ಶುದ್ಧ ಮೋಸ.

ಫ್ಲೋರ್ ಮ್ಯಾಟ್, ಮಡ್‌ಫ್ಲಾಪ್‌ಗೆ ಲೋಕಲ್ ಧಾರಾಳ ಸಾಕು. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್ ವಿಷಯದಲ್ಲಿ ಮಾತ್ರ ಮೊದಲ ಎರಡರಲ್ಲೇ ನಿಲ್ಲಿ. ಶಿರಾಡಿ ಘಾಟಿ ಇಳಿಯುವಾಗ ಪೆಡಲ್ ಒತ್ತಿದರೆ ಗಾಡಿ ನಿಲ್ಲಬೇಕಲ್ಲ, ಆವಾಗ ಉಳಿಸಿದ ನಾನೂರು ರೂಪಾಯಿ ನೆನಪಿಗೂ ಬರೋದಿಲ್ಲ. ಪ್ಯಾಕಿನ ಮೇಲೆ ತಯಾರಕರ ಹೆಸರು, ಎಂಆರ್‌ಪಿ, ತಯಾರಾದ ತಿಂಗಳು, ವರ್ಷ ಇದೆಯಾ ನೋಡಿ. ಅದಿಲ್ಲದ ಬರಿ ಪ್ಲಾಸ್ಟಿಕ್ ಕವರ್ ಕೊಟ್ಟರೆ ‘ಯಾರದ್ದು ಇದು?’ ಅಂತ ಕೇಳೋಕೆ ಸಂಕೋಚ ಬೇಡ.

ಟೀ ಅಂಗಡಿ ಪಕ್ಕದ ಜಗಳ

ಮುಖ್ಯರಸ್ತೆ ಬಿಟ್ಟು ಅಡ್ಡರಸ್ತೆಗೆ ತಿರುಗಿದರೆ ಲೇತ್ ಅಂಗಡಿ, ಟಿಂಕರಿಂಗ್, ವೆಲ್ಡಿಂಗ್, ಸಣ್ಣ ಗ್ಯಾರೇಜುಗಳು. ಅಲ್ಲೊಂದು ಟೀ ಅಂಗಡಿ ಪಕ್ಕ ಕಂಡ ಜಗಳ ಇದು.

‘ಏನಣ್ಣ, ನಿನ್ನೆ ಆರೂವರೆ ಸಾವಿರ ಅಂದ್ರಿ. ಇವತ್ತು ಎಂಟಾ?’ ಕ್ಯಾಬ್ ಡ್ರೈವರ್ ಕೇಳ್ತಿದ್ದರು.

‘ಕ್ಲಚ್ ಬಿಚ್ಚಿದ್ಮೇಲೆ ಗೊತ್ತಾಗಿದ್ದು, ಬೇರಿಂಗೂ ಹೋಗಿತ್ತು.’ ಮೆಕ್ಯಾನಿಕ್ ಒಳಗಿಂದ ಹಳೇ ಬೇರಿಂಗ್ ತಂದು ಕೈಯಲ್ಲೇ ತಿರುಗಿಸಿ ತೋರಿಸಿದರು. ಗರಗರ ಸದ್ದು ನಮಗೂ ಕೇಳಿಸಿತು.

‘ಬೇರಿಂಗ್ ಹೋಗಿದೆ, ಸರಿ. ಅದು ನನ್ನ ಗಾಡಿದೇ ಅಂತ ಹೆಂಗ್ ನಂಬ್ಲಿ? ಬಿಚ್ಚಿದಾಗ್ಲೇ ಒಂದು ಫೋನ್ ಮಾಡಿದ್ರೆ ಬಂದು ನೋಡ್ತಿರ್ಲಿಲ್ವಾ?’

‘ಫೋನ್ ಮಾಡಿ ನಿಮಗೆ ಕಾಯ್ತಾ ಕೂತಿದ್ರೆ ಗಾಡಿ ಇವತ್ತೂ ಸಿಗ್ತಿರ್ಲಿಲ್ಲ. ಎರಡು ದಿನ ನಿಂತಿದೆ, ಬೇಗ ಕೊಡಿ ಅಂದಿದ್ದು ನೀವೇ ಅಲ್ವಾ?’

ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಡ್ರೈವರ್‌ಗೆ ಗಾಡಿ ನಿಂತರೂ ಇಎಂಐ ನಿಲ್ಲಲ್ಲ, ಒಂದೂವರೆ ಸಾವಿರ ಅಂದ್ರೆ ಒಂದು ದಿನದ ದುಡಿಮೆ. ಮೆಕ್ಯಾನಿಕ್ ಕಡೆಯ ಲೆಕ್ಕವೂ ತಪ್ಪಲ್ಲ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಕೆಳಗಿಳಿಸಬೇಕು, ಬಿಲ್‌ನಲ್ಲಿ ಅದರ ಲೇಬರ್ರೇ ದೊಡ್ಡದು. ಬಿಚ್ಚಿದಾಗಲೇ ಬೇರಿಂಗ್ ಹಾಕದಿದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಲೇಬರ್ ಕೊಡಬೇಕಾಗಬಹುದು. ಅವರು ಮಾಡಿದ ಕೆಲಸ ಸರಿ, ಹೇಳದೆ ಮಾಡಿದ್ದರಿಂದ ಮೋಸದ ಹಾಗೆ ಕಾಣಿಸಿತು.

ಕೊನೆಗೆ ಮೆಕ್ಯಾನಿಕ್ ಐನೂರು ಬಿಟ್ಟರು, ಡ್ರೈವರ್ ಫೋನ್‌ಪೇ ಮಾಡಿದರು. ಯಾರ ಮುಖದಲ್ಲೂ ಗೆಲುವಿರಲಿಲ್ಲ. ಆ ಗ್ಯಾರೇಜಿಗೆ ಆ ಗಿರಾಕಿ ಮತ್ತೆ ಬರೋದು ಅನುಮಾನ.

ಬಿಚ್ಚಿದ ತಕ್ಷಣ ತೆಗೆದ ಒಂದು ಫೋಟೋ, ಹಿನ್ನೆಲೆಯಲ್ಲಿ ನಂಬರ್ ಪ್ಲೇಟ್ ಕಾಣುವಂಥದ್ದು, ಜೊತೆಗೆ ‘ಇದೂ ಹೋಗಿದೆ, ಇಷ್ಟಾಗುತ್ತೆ, ಹಾಕ್ಲಾ?’ ಅನ್ನೋ ಒಂದು ವಾಟ್ಸಾಪ್ ಮೆಸೇಜ್ ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ನಾವು ಹೇಳೋದೂ ಸರಿಯಾಗಿರಲಿ

‘ಏನೋ ಸೌಂಡ್ ಬರ್ತಿದೆ, ನೋಡಿ’ ಅಂತ ಕೀ ಕೊಟ್ಟು ಆಫೀಸಿಗೆ ಓಡುವವರೇ ನಮ್ಮಲ್ಲಿ ಜಾಸ್ತಿ. ಡಾಕ್ಟರ್ ಹತ್ತಿರ ‘ಮೈ ಸರಿಯಿಲ್ಲ’ ಅಂತ ಮಾತ್ರ ಹೇಳಿ ಎದ್ದು ಬಂದ ಹಾಗೆ ಇದು. ಸೌಂಡ್ ಬ್ರೇಕ್ ಒತ್ತಿದಾಗಲಾ, ಸ್ಟೀರಿಂಗ್ ತಿರುಗಿಸಿದಾಗಲಾ, ಹಂಪ್ ಹತ್ತಿದಾಗಲಾ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರವಾ? ಎಡಗಡೆಯಾ, ಬಲಗಡೆಯಾ? ಇಷ್ಟು ಹೇಳಿದರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಗ್ಯಾರೇಜ್ ತಲುಪಿದ ತಕ್ಷಣ ಸದ್ದು ನಿಲ್ಲೋದು ಎಲ್ಲ ಗಾಡಿಗಳ ಹುಟ್ಟುಗುಣ.

ಇನ್ನೊಂದು, ರೋಗ ಹೇಳಿ, ಔಷಧಿ ಹೇಳಬೇಡಿ. ಯೂಟ್ಯೂಬ್ ನೋಡಿ ‘ಬ್ರೇಕ್ ಪ್ಯಾಡ್ ಚೇಂಜ್ ಮಾಡಿ’ ಅಂದರೆ ಅವರು ಅದನ್ನೇ ಮಾಡ್ತಾರೆ. ಸದ್ದು ವ್ಹೀಲ್ ಬೇರಿಂಗ್‌ದಾಗಿದ್ದರೆ ದುಡ್ಡೂ ಹೋಯ್ತು, ಸದ್ದೂ ಉಳೀತು.

ಕೆಲಸ ಶುರುವಾಗೋ ಮುಂಚೆ ಮೂರು ಮಾತು ಸಾಕು. ಪಾರ್ಟ್ ಎಷ್ಟು, ಲೇಬರ್ ಎಷ್ಟು ಬೇರೆ ಬೇರೆ ಬರೆದುಕೊಡಿ. ಎಸ್ಟಿಮೇಟ್ ದಾಟಿದರೆ ಫೋನ್ ಮಾಡಿ, ನಾನು ತಕ್ಷಣ ಎತ್ತುತ್ತೀನಿ. ಹಳೇ ಪಾರ್ಟ್ ನನಗೆ ಬೇಕು. ಎರಡನೆಯದರಲ್ಲಿ ‘ತಕ್ಷಣ ಎತ್ತುತ್ತೀನಿ’ ಅನ್ನೋದು ನಮ್ಮ ಪಾಲಿನ ಜವಾಬ್ದಾರಿ. ಮೀಟಿಂಗ್ ಅಂತ ನಾಲ್ಕು ಸಲ ಫೋನ್ ಕಟ್ ಮಾಡಿ, ಸಂಜೆ ‘ಕೇಳದೆ ಹಾಕಿದ್ರಿ’ ಅಂದರೆ ಆಗಲ್ಲ.

ಕಾನೂನು ಯಾರ ಕಡೆ?

‘ಹೊರಗೆ ರಿಪೇರಿ ಮಾಡಿಸಿದರೆ ಮುಗೀತು’ ಅನ್ನೋ ಹೆದರಿಕೆ ಹಲವರಿಗಿದೆ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಅಸಲಿ ಬಿಡಿಭಾಗ, ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದು ತಪ್ಪು ಅಂತ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಕಥೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಆದರೂ ವಾರಂಟಿ ಇರುವ ಗಾಡಿಯಾದರೆ ಅದರ ಷರತ್ತು ಓದಿಯೇ ಹೊರಗೆ ಕೊಡಿ.

ಬಿಲ್ ಕೇಳೋಕೆ ನಾಚಿಕೆ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದಿರೋದೂ ಅನುಚಿತ ವ್ಯಾಪಾರ ಪದ್ಧತಿಯೇ. ಮಾತಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ ಕೈಯಲ್ಲಿದ್ದರೆ ಮಾತ್ರ ಅಲ್ಲಿ ನಿಮ್ಮ ಮಾತಿಗೆ ತೂಕ.

ಹೋಗೋದಾದರೆ

ಗಾಡಿ ತಗೊಂಡು ಹೋಗಲೇಬೇಕು ಅಂತಿಲ್ಲ, ಪಾರ್ಕಿಂಗ್ ಸಿಗೋದು ಅದೃಷ್ಟ. ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದು ನಡೆದೇ ಹೋಗಬಹುದು. ವಾರದ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಆರ್‌ಸಿಯ ಫೋಟೋ ಫೋನಿನಲ್ಲಿರಲಿ, ಚಾಸಿ ನಂಬರ್ ಇದ್ದರೆ ಪಾರ್ಟ್ ಹುಡುಕೋದು ಸುಲಭ. ಹಳೇ ಪಾರ್ಟ್ ಬಿಚ್ಚಿದ್ದರೆ ಅದನ್ನೂ ಪೇಪರಿನಲ್ಲಿ ಸುತ್ತಿಕೊಂಡು ಹೋಗಿ. ಮೂರು ಅಂಗಡಿಯಲ್ಲಿ ರೇಟ್ ಕೇಳಿ, ಆಮೇಲೆ ನಿಮ್ಮ ಮೆಕ್ಯಾನಿಕ್‌ಗೆ ಒಂದು ಫೋನ್ ಮಾಡಿ ‘ಇದನ್ನೇ ತರ್ಲಾ ಅಣ್ಣ?’ ಅಂತ ಕೇಳಿ. ಅದನ್ನು ಕೂರಿಸುವ ಕೈ ಅವರದ್ದು, ಕೇಳಿ ತಂದ ಪಾರ್ಟ್‌ಗೆ ಅವರೂ ಜವಾಬ್ದಾರರಾಗ್ತಾರೆ.