ಬೋರ್ಡಿಲ್ಲದ ಮನೆಗಳ ಬೆನ್ನುಹತ್ತಿ

ಶಿವಮೊಗ್ಗಕ್ಕೆ ತುಂಗೆ, ಭದ್ರಾವತಿಗೆ ಭದ್ರೆ. ಎರಡೂ ಊರುಗಳ ನಡುವೆ ಸುಮಾರು 20 ಕಿಲೋಮೀಟರಿನ ದಾರಿ. ನದಿಗಳು ಕೂಡುವುದು ಕೂಡಲಿಯಲ್ಲಿ. ಊರುಗಳೋ, ಮಾಚೇನಹಳ್ಳಿಯ ಹಾಲಿನ ಡೇರಿಯ ಆಸುಪಾಸಿನಲ್ಲೇ ಒಂದನ್ನೊಂದು ಮುಟ್ಟುವ ಆತುರದಲ್ಲಿವೆ. ಇಲ್ಲಿ ಮನೆ ಕೊಳ್ಳಬೇಕೆಂದು ಮೊಬೈಲಿನಲ್ಲಿ ಹುಡುಕಿ ನೋಡಿ. ಹೊಸ ಬಡಾವಣೆಯ ಸೈಟುಗಳು ಬೇಕಾದಷ್ಟು ಕಾಣುತ್ತವೆ. ಒಂದೇ ಮನೆ ಮೂವರು ಏಜೆಂಟರ ಹೆಸರಿನಲ್ಲಿ ಮೂರು ಬೆಲೆಗೆ ನಿಂತಿರುತ್ತದೆ! ಮಧ್ಯಮ ವರ್ಗದವರ ಕೈಗೆಟುಕುವ ಹಳೆಯ ಮನೆಗಳು ಮಾತ್ರ ಅಲ್ಲಿಗೆ ಬರುವುದೇ ಅಪರೂಪ.

ಅವು ಎಲ್ಲಿರುತ್ತವೆ ಎಂಬುದನ್ನು ಕಳೆದ ಮಳೆಗಾಲದ ಆರು ಭಾನುವಾರ ಓಣಿ ಓಣಿ ಸುತ್ತಿ ಕಂಡೆ. ಜೊತೆಗಿದ್ದವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ, ತೀರ್ಥಹಳ್ಳಿ ಕಡೆಯ ಕೃಷಿಕರು. ಮಗಳ ಪಿಯುಸಿಗೆಂದು ಸಂಸಾರ ಶಿವಮೊಗ್ಗಕ್ಕೆ ಬಂದು ಬಾಡಿಗೆ ಮನೆಯಲ್ಲಿತ್ತು. ಹಿಂದೆ ಇನ್ನೂ ಇಬ್ಬರು ಮಕ್ಕಳು ಓದಬೇಕು. ಅಡಿಕೆ ತೋಟದಲ್ಲಿ ಒಂದು ಭಾಗ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ‘ಮೇಷ್ಟ್ರೇ, ಇದು ಹೋದರೆ ಮತ್ತೆ ಮಾರಲಿಕ್ಕೆ ತೋಟ ಇಲ್ಲ’ ಎಂದಿದ್ದರು.

ಮನೆ ಹುಡುಕುವವರು ಮೊದಲು ಕೂರಬೇಕಾದದ್ದು ಚಹಾ ಅಂಗಡಿಯಲ್ಲಿ. ವಿನೋಬನಗರದಲ್ಲಿ ಎರಡು ಲೋಟ ಚಹಾ ಮುಗಿಯುವಷ್ಟರಲ್ಲಿ ಮೂರು ಮನೆಗಳ ಸುದ್ದಿ ಸಿಕ್ಕಿತು. ಪೇಪರ್ ಹಾಕುವ ಹುಡುಗ, ಹಾಲಿನವನು, ಮೆಸ್ಕಾಂ ಮೀಟರ್ ಓದುವವರು, ಇವರಿಗೆಲ್ಲ ಯಾವ ಮನೆಗೆ ಬೀಗ ಬಿದ್ದಿದೆ ಎಂಬುದು ಬಾಯಿಪಾಠ. ಉಪನೋಂದಣಾಧಿಕಾರಿ ಕಚೇರಿಯ ಸುತ್ತಮುತ್ತ ಕೂರುವ ಪತ್ರ ಬರಹಗಾರರಿಗೆ ಗೊತ್ತಿರುವಷ್ಟು ಯಾವ ಜಾಲತಾಣಕ್ಕೂ ಗೊತ್ತಿರಲಾರದು. ಇನ್ನು ಪತ್ರಿಕೆಯ ಒಳಪುಟದ ಸಣ್ಣಕ್ಷರದ ಬ್ಯಾಂಕ್ ಹರಾಜು ಪ್ರಕಟಣೆಗಳು. 2002ರ ಸರ್ಫೇಸಿ ಕಾಯಿದೆಯಡಿ ಮನೆ ಹರಾಜು ಹಾಕುವ ಬ್ಯಾಂಕು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಅದನ್ನು ಪ್ರಕಟಿಸಬೇಕು. ಆದರೆ ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತಿನ ಭಾರ ಕೊಳ್ಳುವವನ ತಲೆಯ ಮೇಲೆ. ಒಳಗೆ ಯಾರಾದರೂ ವಾಸವಿದ್ದರೆ ತಾಪತ್ರಯವೂ ಅವನದೇ. ನಾವು ಅತ್ತ ಹೋಗಲಿಲ್ಲ.

ಮಳೆಗಾಲದಲ್ಲೇ ಮನೆ ನೋಡಬೇಕೆಂದು ಹಟ ಹಿಡಿದವನು ನಾನು. ಬೇಸಿಗೆಯಲ್ಲಿ ಎಲ್ಲ ಗೋಡೆಗಳೂ ಸಭ್ಯಸ್ಥರೇ! ಮಳೆ ಬಂದಾಗ ತಳಪಾಯದ ತೇವ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತದೆ. ಲೋಮನಾಳದಲ್ಲಿ ನೀರು ಏರುವ ಪಾಠ ಓದಿದ ಮಕ್ಕಳಿಗೆ ಇದು ಗೊತ್ತು. ನೀರು ಆರಿದ ಮೇಲೆ ಬಿಳಿಯ ಉಪ್ಪು ಉಳಿಯುತ್ತದೆ. ಹೊಸ ಬಣ್ಣ ಮೊಣಕಾಲೆತ್ತರದವರೆಗೆ ಮಾತ್ರ ಬಳಿದಿದ್ದರೆ ಕಾರಣ ಕೇಳಿ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆ ಮಾರುವವರು ಹೇಳದಿದ್ದರೂ ಪಕ್ಕದ ಮನೆಯ ಅಜ್ಜಿ ಸೊಂಟ ಮುಟ್ಟಿಕೊಂಡು ತೋರಿಸಿಬಿಡುತ್ತಾರೆ.

ಶಿವಮೊಗ್ಗದ ಬೆಲೆ ನಮ್ಮವರ ಕೈಮೀರಿತು. 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಆ ದಿಕ್ಕಿನ ಸೈಟು ಮಾರುವವರ ಮಾತೇ ಆಕಾಶಕ್ಕೇರಿದೆ. ಭದ್ರಾವತಿಯ ಬಸ್ಸು ಹತ್ತಿದೆವು.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರನ್ನು ಬೆಳೆಸಿದ್ದು ಎರಡು ಕಾರ್ಖಾನೆಗಳು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು; ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆ 1936ರಲ್ಲಿ. ಕಾಗದದ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಆ ವರ್ಷವೇ ಕೆಲವು ಘಟಕ ಮತ್ತೆ ಚಾಲೂ ಆದರೂ ಮೊದಲಿನ ಸೈರನ್ನಿನ ಗತ್ತು ಬರಲಿಲ್ಲ. ನ್ಯೂಟೌನಿನ ಮರಗಳ ನೆರಳಲ್ಲಿ ಸಾಲುಸಾಲು ಕ್ವಾರ್ಟರ್ಸ್ ನೋಡಿ ನಮ್ಮವರು ಕಣ್ಣರಳಿಸಿದರು. ಅವು ಕಂಪನಿಯ ಮನೆಗಳು. ವಾಸವಿರುವವರು ಮಾರುವ ಹಾಗಿಲ್ಲ. ಮಾರಾಟಕ್ಕಿರುವುದು ಜನ್ನಾಪುರ, ಹೊಸಮನೆಗಳಂಥ ಕಡೆ, ನಿವೃತ್ತ ಕಾರ್ಮಿಕರು ಗ್ರಾಚ್ಯುಟಿ, ಪಿ.ಎಫ್. ಹಣ ಸುರಿದು ಕಟ್ಟಿದ ಮನೆಗಳು. ಮಕ್ಕಳು ಬೆಂಗಳೂರಿನಲ್ಲಿ. ಆದರೂ ಬೋರ್ಡು ಹಾಕುವುದಿಲ್ಲ. ‘ಬೋರ್ಡು ಹಾಕಿದರೆ ಸಾಲ ಆಗಿದೆ ಅಂತಾರೆ ಸಾರ್’ ಎಂದರು ಒಬ್ಬ ನಿವೃತ್ತರು. ಬಂದವರು ನಾಲ್ಕು ದಿನ ಬಾಳುವ ಜನವೇ ಎಂದು ನೋಡಿ ಕೊಡುವ ಆಸೆಯೂ ಅವರಿಗಿದೆ.

ಬೋರ್ಡಿಲ್ಲದಿರಲು ಇನ್ನೊಂದು ಕಾರಣವೂ ಇರುತ್ತದೆ. ಐದನೆಯ ಭಾನುವಾರ ನೋಡಿದ ಮನೆಗೆ ಗಟ್ಟಿ ಗೋಡೆ, ಹಿತ್ತಿಲಲ್ಲಿ ಸಿಹಿನೀರಿನ ಬಾವಿ. ಬೆಲೆ ಸುತ್ತಲಿನದಕ್ಕಿಂತ ಮೂರು ಲಕ್ಷ ಕಡಿಮೆ. ಅಣ್ಣತಮ್ಮ ಇಬ್ಬರೂ ಈಗಲೇ ಮುಂಗಡ ಕೊಡಿ ಎಂದರು. ನಮ್ಮವರ ಕೈ ಚೆಕ್ ಪುಸ್ತಕದ ಮೇಲೆ ಹೋಯಿತು. ಋಣಭಾರ ಪ್ರಮಾಣಪತ್ರ ತೆಗೆಸಿದೆವು; ಸ್ವಚ್ಛವಾಗಿತ್ತು. ಆದರೆ ಆ ಪತ್ರ ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಥರ್ಮಾಮೀಟರು ಜ್ವರ ಎಷ್ಟೆಂದು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲವಲ್ಲ! ವಂಶವೃಕ್ಷ ಕೇಳಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ತಾಯಿ ಅದೇ ಮನೆಯ ಒಳಕೋಣೆಯಲ್ಲಿದ್ದರು. ದಾವಣಗೆರೆಯಲ್ಲಿ ಒಬ್ಬ ತಂಗಿ.

‘ಅವಳನ್ನ ಕೊಟ್ಟಾಗಿದೆ, ಅವಳದೇನಿಲ್ಲ’ ಎಂದರು ಅಣ್ಣ. ಹಾಗಲ್ಲ. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಮನೆಯಲ್ಲಿ, ಉಯಿಲಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮಪಾಲು; ಮಗಳು ಮದುವೆಯಾದರೂ ಅಷ್ಟೇ. ಆಕೆಯ ಸಹಿಯಿಲ್ಲದೆ ಕ್ರಯಪತ್ರವಾದರೆ ಆಕೆಯ ಪಾಲು ಮಾರಾಟವಾದಂತೆ ಅಲ್ಲ, ನಾಳೆ ದಾವೆ ಹೂಡಬಹುದು. ಹೆಣ್ಣುಮಕ್ಕಳನ್ನು ಓದಿಸಲು ಮನೆ ಕೊಳ್ಳುವ ತಂದೆ, ಇನ್ನೊಬ್ಬ ಹೆಣ್ಣುಮಗಳ ಪಾಲು ಬಿಟ್ಟು ಕೊಳ್ಳುವುದು ನನಗೆ ಸರಿಕಾಣಲಿಲ್ಲ, ಹಾಗೆಂದೇ ಹೇಳಿದೆ. ನಮ್ಮವರು ಚೆಕ್ ಪುಸ್ತಕ ಜೇಬಿಗಿಟ್ಟರು.

ಆರನೆಯ ಭಾನುವಾರ ತಂಗಿ ಬಂದರು. ತಾಯಿಯ ಪಕ್ಕ ಕೂತು ಕಾಗದಗಳನ್ನೆಲ್ಲ ನಿಧಾನವಾಗಿ ಓದಿದರು. ‘ಸಹಿ ಹಾಕ್ತೀನಿ ಅಣ್ಣ. ಅಮ್ಮ ಎಲ್ಲಿರ್ತಾಳೆ ಅನ್ನೋದನ್ನ ಮೊದಲು ಹೇಳಿ.’ ಅಣ್ಣಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಯೋಚಿಸಿ ಹೇಳಲು ದಸರೆಯವರೆಗೆ ಸಮಯ ಕೇಳಿದರು. ನಮ್ಮವರು ಒಪ್ಪಿದರು. ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ, ಹಳೇ ನಗರದಲ್ಲಿ ಇನ್ನೊಂದು ಮನೆ ಇದೆಯೆಂದು ಚಹಾದವನು ಹೇಳಿದ್ದನ್ನು ನೆನಪಿಸಿದರು.